ಒಬ್ಬರ ದಣಿವಲ್ಲ, ಒಂದು ಊರಿನ ದುಡಿಮೆ

ಅಮೆರಿಕದ ಕಪ್ಪು ಜನರು ಸಮಾನತೆಗಾಗಿ ನಡೆಸಿದ ಹೋರಾಟವನ್ನು ಶಾಲೆಗಳಲ್ಲಿ ಹೇಳುವ ಒಂದು ಕ್ರಮ ಗಟ್ಟಿಯಾಗಿ ಬೇರೂರಿದೆ. 1955ರ ಡಿಸೆಂಬರ್ 1ರ ಸಂಜೆ ಅಲಬಾಮಾ ರಾಜ್ಯದ ಮಾಂಟ್ಗೊಮರಿ ನಗರದಲ್ಲಿ ರೋಸಾ ಪಾರ್ಕ್ಸ್ ಎಂಬ ಹೊಲಿಗೆ ಕೆಲಸದ ಮಹಿಳೆ ದಿನವಿಡೀ ದುಡಿದು ದಣಿದು ಬಸ್ಸು ಹತ್ತಿದರು. ಬಿಳಿಯ ಪ್ರಯಾಣಿಕನಿಗೆ ಸೀಟು ಬಿಟ್ಟುಕೊಡಲು ಒಪ್ಪಲಿಲ್ಲ. ಪೊಲೀಸರು ಬಂಧಿಸಿದರು, ಜನ ಸಿಡಿದೆದ್ದರು, ಮಾರ್ಟಿನ್ ಲೂಥರ್ ಕಿಂಗ್ ಮುಂದೆ ಬಂದು ನಾಯಕರಾದರು, ದೇಶಕ್ಕೆ ತಮ್ಮ ಕನಸನ್ನು ಹೇಳಿದರು, ಕಾನೂನು ಬದಲಾಯಿತು. ಇಷ್ಟಾದರೆ ಪಾಠ ಮುಗಿಯಿತು. ನಮ್ಮ ದೇಶದಲ್ಲಿ ವರ್ಷಗಟ್ಟಲೆ ಬಳಕೆಯಲ್ಲಿದ್ದ ಎನ್‌ಸಿಇಆರ್‌ಟಿಯ 7ನೇ ತರಗತಿಯ ಪುಸ್ತಕವೂ ಸಮಾನತೆಯ ಅಧ್ಯಾಯದಲ್ಲಿ ರೋಸಾ ಪಾರ್ಕ್ಸ್ ಅವರನ್ನು ಕೆಲಸ ಮುಗಿಸಿ ದಣಿದಿದ್ದ ಮಹಿಳೆಯೆಂದೇ ಪರಿಚಯಿಸಿತ್ತು. ಈ ಕಥೆಯಲ್ಲಿ ಸುಳ್ಳು ಕಡಿಮೆ, ಬಿಟ್ಟುಹೋದದ್ದು ಬಹಳ. ಬಿಟ್ಟುಹೋಗಿರುವುದು ಹದಿನೈದು ಹದಿನಾರರ ವಯಸ್ಸಿನವರು ತಿಳಿಯಲೇಬೇಕಾದ ಭಾಗವೇ ಆಗಿರುವುದರಿಂದ ಈ ಬಿಡುವಿಕೆ ಸಣ್ಣ ತಪ್ಪಲ್ಲ.

ಪ್ರೌಢಶಾಲೆಯ ಮಕ್ಕಳಿಗೆ ಈ ಹೋರಾಟವನ್ನು ಕಲಿಸುವುದಾದರೆ, ಅದನ್ನು ಜನ ಕೂಡಿ ಮಾಡಿದ ಕೆಲಸವೆಂದು ಕಲಿಸಬೇಕು. ಯಾರು ಏನು ಮಾಡಿದರು, ಹಣ ಎಲ್ಲಿಂದ ಬಂತು, ಯಾವ ಬೆಲೆ ತೆತ್ತರು, ಎದುರು ನಿಂತವರು ಯಾರು, ಗೆಲ್ಲಲು ಎಷ್ಟು ಕಾಲ ಹಿಡಿಯಿತು ಎಂಬ ವಿವರಗಳು ಪಾಠದ ನಡುಮನೆಯಲ್ಲಿ ಇರಬೇಕು. ಮಹಾಪುರುಷರ ಪವಾಡವಾಗಿ ಹೇಳಿದ ಚರಿತ್ರೆಯನ್ನು ಮಕ್ಕಳು ಮೆಚ್ಚಿಕೊಂಡು ಮರೆಯುತ್ತಾರೆ. ಕೆಲಸವಾಗಿ ಹೇಳಿದ ಚರಿತ್ರೆಯನ್ನು ಅರ್ಥ ಮಾಡಿಕೊಳ್ಳುತ್ತಾರೆ. ಅನ್ಯಾಯ ಹೇಗೆ ನಿಂತಿರುತ್ತದೆ, ಹೇಗೆ ಅಲುಗಾಡುತ್ತದೆ ಎಂಬ ತಿಳಿವಳಿಕೆ ಅವರಿಗೆ ದಕ್ಕುತ್ತದೆ. ಬಿತ್ತಿದ್ದು, ಕಳೆ ತೆಗೆದದ್ದು ಯಾವುದನ್ನೂ ತೋರಿಸದೆ ತುಂಬಿದ ಕಣಜವನ್ನಷ್ಟೇ ತೋರಿಸಿದರೆ ಬೇಸಾಯ ಕಲಿಸಿದಂತಾಗುವುದಿಲ್ಲ.

ಮಾಂಟ್ಗೊಮರಿಯಿಂದಲೇ ಶುರು ಮಾಡೋಣ. ಅಂದು ರೋಸಾ ಪಾರ್ಕ್ಸ್ ಅವರಿಗೆ 42 ವರ್ಷ. ಕಪ್ಪು ಜನರ ಹಕ್ಕುಗಳಿಗಾಗಿ ದುಡಿಯುತ್ತಿದ್ದ ಎನ್‌ಎಎಸಿಪಿ ಸಂಘಟನೆಯ ನಗರ ಶಾಖೆಗೆ ಅವರು 1943ರಲ್ಲೇ ಕಾರ್ಯದರ್ಶಿಯಾಗಿದ್ದರು. ಕಪ್ಪು ಮಹಿಳೆಯರ ಮೇಲೆ ನಡೆದ ಅತ್ಯಾಚಾರಗಳ ಬಗ್ಗೆ ಮಾಹಿತಿ ಕಲೆಹಾಕಿದ್ದರು, ಮತದಾರರ ಪಟ್ಟಿಯಲ್ಲಿ ಹೆಸರು ಸೇರಿಸಲು ತಾವೇ ಹೆಣಗಿದ್ದರು, ಬಂಧನಕ್ಕೆ ಕೆಲವೇ ತಿಂಗಳ ಮೊದಲು ಟೆನೆಸಿ ರಾಜ್ಯದ ಹೈಲ್ಯಾಂಡರ್ ಶಾಲೆಯಲ್ಲಿ ವರ್ಣಭೇದವನ್ನು ಎದುರಿಸುವ ಬಗ್ಗೆ ತರಬೇತಿ ಪಡೆದು ಬಂದಿದ್ದರು. ತಾನು ಮೈ ದಣಿದು ಕೂತದ್ದಲ್ಲ ಎಂದು ತಮ್ಮ ಆತ್ಮಕಥೆಯಲ್ಲಿ ಅವರೇ ಸ್ಪಷ್ಟಪಡಿಸಿದ್ದಾರೆ. ಅವರಿಗಿಂತ ಒಂಬತ್ತು ತಿಂಗಳು ಮೊದಲು, 1955ರ ಮಾರ್ಚ್ 2ರಂದು, ಅದೇ ನಗರದ ಬಸ್ಸಿನಲ್ಲಿ ಕ್ಲಾಡೆಟ್ ಕಾಲ್ವಿನ್ ಎಂಬ 15 ವರ್ಷದ ಶಾಲಾ ಹುಡುಗಿ ಸೀಟು ಬಿಡದೆ ಕೂತು ಬಂಧನಕ್ಕೊಳಗಾಗಿದ್ದಳು. ಬಡವರ ಬಡಾವಣೆಯ ಹದಿಹರೆಯದ ಹುಡುಗಿಯನ್ನು ಮುಂದಿಟ್ಟುಕೊಂಡು ಇಡೀ ನಗರದ ಹೋರಾಟ ಕಟ್ಟಲು ಹಿರಿಯರು ಹಿಂಜರಿದರು. ಆ ಹಿಂಜರಿಕೆ ಸರಿಯೇ, ತಪ್ಪೇ? ಇಂಥ ಪ್ರಶ್ನೆಗೆ ತರಗತಿಯಲ್ಲಿ ಒಂದೇ ಉತ್ತರ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಚಳವಳಿಯ ಒಳಗೂ ಬಡವ ಬಲ್ಲಿದ, ಗಂಡು ಹೆಣ್ಣು, ಹಿರಿಯ ಕಿರಿಯ ಎಂಬ ಲೆಕ್ಕಾಚಾರಗಳಿದ್ದವು ಎಂಬುದನ್ನು ಮಕ್ಕಳು ಇಲ್ಲಿ ಕಣ್ಣಾರೆ ಕಾಣುತ್ತಾರೆ.

ಬಂಧನದ ಸುದ್ದಿ ತಾನಾಗಿಯೇ ಚಳವಳಿಯಾಗಲಿಲ್ಲ. ಅಲಬಾಮಾ ಸ್ಟೇಟ್ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಜೋ ಆ್ಯನ್ ರಾಬಿನ್ಸನ್ ಮಹಿಳಾ ರಾಜಕೀಯ ಮಂಡಳಿಯ ಅಧ್ಯಕ್ಷೆಯಾಗಿದ್ದರು. ಬಸ್ಸುಗಳಲ್ಲಿ ಕಪ್ಪು ಜನರನ್ನು ನಡೆಸಿಕೊಳ್ಳುವ ರೀತಿ ಬದಲಾಗದಿದ್ದರೆ ಬಹಿಷ್ಕಾರವಾದೀತು ಎಂದು ಅವರು 1954ರ ಮೇ ತಿಂಗಳಲ್ಲೇ ಮೇಯರ್‌ಗೆ ಪತ್ರ ಬರೆದಿದ್ದರು. ಪಾರ್ಕ್ಸ್ ಬಂಧನವಾದ ರಾತ್ರಿ ಒಬ್ಬ ಸಹೋದ್ಯೋಗಿ ಮತ್ತು ಇಬ್ಬರು ವಿದ್ಯಾರ್ಥಿಗಳ ಜೊತೆ ಕಾಲೇಜಿನ ಸೈಕ್ಲೋಸ್ಟೈಲ್ ಯಂತ್ರದ ಮುಂದೆ ನಿಂತು ಬೆಳಗಾಗುವುದರೊಳಗೆ ಹತ್ತಾರು ಸಾವಿರ ಕರಪತ್ರಗಳನ್ನು ಅಚ್ಚು ಮಾಡಿದರು. ಮರುದಿನ ಅವು ಶಾಲೆ, ಅಂಗಡಿ, ಕ್ಷೌರದಂಗಡಿಗಳ ಮೂಲಕ ಮನೆಮನೆ ತಲುಪಿದವು. ಮಂಡಳಿಯ ಸದಸ್ಯೆಯರು ಮೊದಲೇ ಬೀದಿಬೀದಿಗೆ ಜನರನ್ನು ಗೊತ್ತುಮಾಡಿಕೊಂಡಿದ್ದರಿಂದ ಇದು ಸಾಧ್ಯವಾಯಿತು. ಡಿಸೆಂಬರ್ 5ರ ಸೋಮವಾರ ಬಸ್ಸುಗಳು ಬಹುತೇಕ ಖಾಲಿ ಓಡಿದವು. 26 ವರ್ಷದ, ಊರಿಗೆ ಹೊಸಬರಾದ ಪಾದ್ರಿ ಕಿಂಗ್ ಅವರನ್ನು ನಾಯಕರನ್ನಾಗಿ ಆರಿಸಿದ್ದು ಆ ದಿನ ಮಧ್ಯಾಹ್ನ. ಎಂದರೆ ನಾಯಕ ಬರುವ ಹೊತ್ತಿಗೆ ಚಳವಳಿ ಆಗಲೇ ನಡೆಯುತ್ತಿತ್ತು.

ಆಮೇಲೆ 381 ದಿನ. ಕೆಲಸಕ್ಕೆ ಹೋಗಲೇಬೇಕಾದ ಅಡುಗೆಯವರು, ಮನೆಗೆಲಸದವರು, ಕೂಲಿಕಾರರು ಬಸ್ಸಿಲ್ಲದೆ ವರ್ಷಕ್ಕೂ ಹೆಚ್ಚು ಕಾಲ ಓಡಾಡುವುದು ಹೇಗೆ? ಕಾರುಳ್ಳವರು ಕಾರು ಕೊಟ್ಟರು; ಹತ್ತುವ ಇಳಿಯುವ ಜಾಗಗಳನ್ನು ಗುರುತಿಸಿ, ವೇಳಾಪಟ್ಟಿ ಹಾಕಿ, ಪರ್ಯಾಯ ಸಾರಿಗೆ ವ್ಯವಸ್ಥೆಯನ್ನೇ ಕಟ್ಟಿದರು. ಪೆಟ್ರೋಲಿಗೆ ಹಣ ಬೇಕಿತ್ತು. ಹೋಟೆಲಿನ ಅಡುಗೆಯವರಾಗಿದ್ದ ಜಾರ್ಜಿಯಾ ಗಿಲ್ಮೋರ್ ಹೆಂಗಸರ ಒಂದು ಗುಂಪು ಕಟ್ಟಿ, ಕೋಳಿ ಕರಿದು, ಕೇಕು ಬೇಯಿಸಿ ಮಾರಿ, ಬಂದ ಹಣವನ್ನು ವಾರವಾರ ಸಭೆಯಲ್ಲಿ ಒಪ್ಪಿಸಿದರು. ಹೆಸರು ಹೊರಬಿದ್ದರೆ ಕೆಲಸ ಹೋಗುತ್ತಿತ್ತು; ಹಾಗಾಗಿ ಎಲ್ಲಿಂದಲೂ ಬಾರದವರ ಕೂಟವೆಂಬ ಅರ್ಥದ ಹೆಸರನ್ನು ಗುಂಪಿಗೆ ಇಟ್ಟುಕೊಂಡಿದ್ದರು. ಬಹಿಷ್ಕಾರದ ಕಾರಣಕ್ಕೆ ಕಿಂಗ್ ಅವರ ಮೇಲೆ ಹೂಡಿದ ಮೊಕದ್ದಮೆಯಲ್ಲಿ ಸಾಕ್ಷಿ ಹೇಳಿದ ಮೇಲೆ ಗಿಲ್ಮೋರ್ ಅವರ ಕೆಲಸ ಹೋಗಿಯೇ ಹೋಯಿತು. 1956ರ ಜನವರಿಯಲ್ಲಿ ಕಿಂಗ್ ಅವರ ಮನೆಗೆ ಬಾಂಬ್ ಬಿತ್ತು. ಫೆಬ್ರವರಿಯಲ್ಲಿ, ಬಹಿಷ್ಕಾರವನ್ನು ಅಪರಾಧವೆನ್ನುವ 1921ರ ಹಳೆಯ ಕಾನೂನನ್ನು ಹೊರತೆಗೆದು ಮುಖಂಡರನ್ನು ಬಂಧಿಸಿದರು. ಹೋರಾಟದ ಮೊದಲ ಬೇಡಿಕೆ ಕೂಡ ಮಕ್ಕಳನ್ನು ಅಚ್ಚರಿಗೊಳಿಸುವಂಥದ್ದು. ಸೀಟುಗಳ ವಿಭಜನೆಯನ್ನೇ ಕಿತ್ತುಹಾಕಿ ಎಂದು ಅವರು ಆರಂಭದಲ್ಲಿ ಕೇಳಲಿಲ್ಲ. ಸೌಜನ್ಯದಿಂದ ನಡೆಸಿಕೊಳ್ಳಿ, ಮೊದಲು ಬಂದವರು ಮೊದಲು ಕೂರಲಿ, ಕಪ್ಪು ಜನರ ಬಡಾವಣೆಗಳ ಬಸ್ಸಿಗೆ ಕಪ್ಪು ಚಾಲಕರನ್ನು ನೇಮಿಸಿ ಎಂದಷ್ಟೇ ಕೇಳಿದ್ದರು. ನಗರಾಡಳಿತ ಅದನ್ನೂ ಕೊಡದ ಕಾರಣ ಬೇಡಿಕೆ ಬೆಳೆಯಿತು. ಕಾಲ್ವಿನ್ ಸೇರಿದಂತೆ ನಾಲ್ವರು ಮಹಿಳೆಯರ ಹೆಸರಿನಲ್ಲಿ ವಕೀಲ ಫ್ರೆಡ್ ಗ್ರೇ ಹೂಡಿದ ದಾವೆಯಲ್ಲಿ 1956ರ ನವೆಂಬರ್ 13ರಂದು ಅಮೆರಿಕದ ಸುಪ್ರೀಂ ಕೋರ್ಟ್ ಬಸ್ಸಿನ ವರ್ಣಭೇದ ಸಂವಿಧಾನಬಾಹಿರವೆಂಬ ತೀರ್ಪನ್ನು ಎತ್ತಿಹಿಡಿಯಿತು. ಹಿರಿಯರು ಮುಂದಿಡಲು ಹಿಂಜರಿದ ಹುಡುಗಿಯೇ ನ್ಯಾಯಾಲಯದಲ್ಲಿ ಗೆದ್ದವರಲ್ಲಿ ಒಬ್ಬಳಾದಳು.

ಈ ವಿವರಗಳೆಲ್ಲ ಇತಿಹಾಸದ ಪಂಡಿತರಿಗೆ ಮಾತ್ರ ಬೇಕಾದವು ಎನ್ನುವವರಿದ್ದಾರೆ. ಆದರೆ ಪ್ರೌಢಶಾಲೆಯ ಮಕ್ಕಳಿಗೇ ಇವು ಹೆಚ್ಚು ಸಲ್ಲುತ್ತವೆ, ಏಕೆಂದರೆ ಈ ಹೋರಾಟದ ದೊಡ್ಡ ಪಾಲನ್ನು ಹೊತ್ತವರು ಅವರ ವಯಸ್ಸಿನವರೇ. ವರ್ಜೀನಿಯಾ ರಾಜ್ಯದ ಫಾರ್ಮ್‌ವಿಲ್ ಊರಿನ ಮೋಟನ್ ಹೈಸ್ಕೂಲನ್ನು ನೋಡಿ. ಸುಮಾರು 180 ಕಪ್ಪು ಮಕ್ಕಳಿಗೆಂದು ಕಟ್ಟಿದ ಆ ಶಾಲೆಯಲ್ಲಿ 450ಕ್ಕೂ ಹೆಚ್ಚು ಮಕ್ಕಳಿದ್ದರು. ಹೆಚ್ಚಾದವರಿಗೆ ಡಾಂಬರು ಕಾಗದ ಹೊದಿಸಿದ ಗುಡಿಸಲುಗಳಲ್ಲಿ ಪಾಠ ನಡೆಯುತ್ತಿತ್ತು. 1951ರ ಏಪ್ರಿಲ್ 23ರಂದು ಬಾರ್ಬರಾ ಜಾನ್ಸ್ ಎಂಬ 16 ವರ್ಷದ ವಿದ್ಯಾರ್ಥಿನಿ, ಮುಖ್ಯೋಪಾಧ್ಯಾಯರು ಆ ಹೊತ್ತಿಗೆ ಶಾಲೆಯಲ್ಲಿರದಂತೆ ಉಪಾಯ ಮಾಡಿ, ಎಲ್ಲ ಮಕ್ಕಳನ್ನು ಸಭಾಂಗಣದಲ್ಲಿ ಸೇರಿಸಿ ಮುಷ್ಕರಕ್ಕೆ ಕರೆಕೊಟ್ಟಳು. ಎರಡು ವಾರ ಮಕ್ಕಳು ತರಗತಿಗೆ ಹೋಗಲಿಲ್ಲ. ಅವರು ಕೇಳಿದ್ದು ಒಳ್ಳೆಯ ಕಟ್ಟಡ. ಸಹಾಯಕ್ಕೆ ಬಂದ ಎನ್‌ಎಎಸಿಪಿ ವಕೀಲರು, ಬೇರೆಬೇರೆ ಶಾಲೆಗಳೆಂಬ ಪದ್ಧತಿಯನ್ನೇ ಪ್ರಶ್ನಿಸುವುದಾದರೆ ಮಾತ್ರ ನಿಮ್ಮ ಮೊಕದ್ದಮೆ ನಡೆಸುತ್ತೇವೆ ಎಂದರು. ಮಕ್ಕಳೂ ಪೋಷಕರೂ ಒಪ್ಪಿದರು. 1954ರ ಮೇ 17ರಂದು ಶಾಲೆಗಳಲ್ಲಿ ವರ್ಣದ ಆಧಾರದ ವಿಭಜನೆ ಸಲ್ಲದೆಂದು ಸುಪ್ರೀಂ ಕೋರ್ಟ್ ಕೊಟ್ಟ ಬ್ರೌನ್ ತೀರ್ಪು ಐದು ಮೊಕದ್ದಮೆಗಳ ಒಟ್ಟು ತೀರ್ಪು; ಅವುಗಳಲ್ಲಿ ಒಂದು ಈ ಮಕ್ಕಳದ್ದು. ಅಮೆರಿಕದ ಸಂಸತ್ ಭವನದಲ್ಲಿ ವರ್ಜೀನಿಯಾದ ಪರವಾಗಿ ನಿಂತಿದ್ದ, ಗುಲಾಮಗಿರಿಯ ಪರ ಸೇನೆಯ ದಂಡನಾಯಕ ರಾಬರ್ಟ್ ಲೀಯ ಪ್ರತಿಮೆಯನ್ನು 2020ರಲ್ಲಿ ತೆಗೆದಾಗ, ಆ ಜಾಗಕ್ಕೆ ರಾಜ್ಯ ಆರಿಸಿದ್ದು ಬಾರ್ಬರಾ ಜಾನ್ಸ್ ಅವರನ್ನು.

ಗೆದ್ದ ಕಥೆಯಲ್ಲೇ ನಿಂತರೂ ಪಾಠ ಅರ್ಧವೇ. ತೀರ್ಪು ಬಂದ ಮೇಲೆ ಫಾರ್ಮ್‌ವಿಲ್ ಇರುವ ಪ್ರಿನ್ಸ್ ಎಡ್ವರ್ಡ್ ಕೌಂಟಿ ಏನು ಮಾಡಿತು? ಕಪ್ಪು ಮತ್ತು ಬಿಳಿಯ ಮಕ್ಕಳನ್ನು ಒಟ್ಟಿಗೆ ಕೂರಿಸುವ ಬದಲು 1959ರಲ್ಲಿ ಎಲ್ಲ ಸರ್ಕಾರಿ ಶಾಲೆಗಳಿಗೂ ಬೀಗ ಹಾಕಿತು. ಬಿಳಿಯರ ಮಕ್ಕಳಿಗೆ ಖಾಸಗಿ ಶಾಲೆ ಎದ್ದಿತು. ಕಪ್ಪು ಮಕ್ಕಳಲ್ಲಿ ಬಹಳಷ್ಟು ಮಂದಿಗೆ 1964ರಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಆದೇಶಿಸುವವರೆಗೆ, ಐದು ವರ್ಷ, ನಿಯತವಾದ ಶಾಲೆಯೇ ಇರಲಿಲ್ಲ. ಆ ಬೀಗ ಹಾಕಿದವರು ರಾಕ್ಷಸರಲ್ಲ. ತೆರಿಗೆ ಕಟ್ಟುವ, ಚರ್ಚಿಗೆ ಹೋಗುವ, ತಮ್ಮನ್ನು ತಾವು ಸಭ್ಯರೆಂದು ನಂಬಿದ್ದ ಊರಿನ ಗಣ್ಯರು. ಕಪ್ಪು ಜನರ ಹಕ್ಕುಗಳಿಗಾಗಿ ನಡೆದ, ಇಂದು ಇಡೀ ಜಗತ್ತು ಕೊಂಡಾಡುವ 1963ರ ವಾಷಿಂಗ್ಟನ್ ಜಾಥಾದ ಬಗ್ಗೆ, ಅದು ನಡೆಯುವ ಮುನ್ನ ಜನಾಭಿಪ್ರಾಯ ಸಮೀಕ್ಷೆ ನಡೆಸುವ ಗ್ಯಾಲಪ್ ಸಂಸ್ಥೆ ಕೇಳಿದಾಗ, ವಿಷಯ ಗೊತ್ತಿದ್ದ ಅಮೆರಿಕನ್ನರಲ್ಲಿ ಶೇ 60ರಷ್ಟು ಮಂದಿ ಪ್ರತಿಕೂಲ ಅಭಿಪ್ರಾಯ ಕೊಟ್ಟಿದ್ದರು. 1966ರಲ್ಲಿ ಕಿಂಗ್ ಅವರ ಬಗ್ಗೆ ಶೇ 63ರಷ್ಟು ಮಂದಿಗೆ ಒಳ್ಳೆಯ ಅಭಿಪ್ರಾಯವಿರಲಿಲ್ಲ. 2011ರ ಹೊತ್ತಿಗೆ ಶೇ 94ರಷ್ಟು ಮಂದಿ ಅವರನ್ನು ಮೆಚ್ಚುವವರಾಗಿದ್ದರು. ಈ ಅಂಕಿಗಳನ್ನು ಕಪ್ಪುಹಲಗೆಯ ಮೇಲೆ ಬರೆದರೆ ಸಾಕು, ತರಗತಿಯಲ್ಲಿ ಚರ್ಚೆ ಏಳುತ್ತದೆ. ಅಂದು ಇದ್ದಿದ್ದರೆ ನಾನು ಕಿಂಗ್ ಪರವೇ ನಿಲ್ಲುತ್ತಿದ್ದೆ ಎಂದು ಪ್ರತಿಯೊಬ್ಬರಿಗೂ ಅನಿಸುತ್ತದೆ. ಅಂದು ಹೆಚ್ಚಿನವರು ಹಾಗೆ ನಿಲ್ಲಲಿಲ್ಲ. ಬಹುಜನರ ಅಸಮ್ಮತಿಯ ನಡುವೆಯೂ ಒಂದು ಬೇಡಿಕೆ ನ್ಯಾಯವಾದದ್ದಾಗಿರಬಹುದು ಎಂಬ ಅರಿವು ಪ್ರಜಾಪ್ರಭುತ್ವದ ನಾಗರಿಕನಿಗೆ ಅತ್ಯಗತ್ಯ.

ಅಹಿಂಸೆಯನ್ನೂ ಹೀಗೆಯೇ ಬಿಡಿಸಿ ಹೇಳಬೇಕು. ಪಾಠಪುಸ್ತಕಗಳಲ್ಲಿ ಅದು ಒಂದು ಸಾತ್ವಿಕ ಗುಣವಾಗಿ ಬಂದುಹೋಗುತ್ತದೆ. ನಿಜದಲ್ಲಿ ಅದು ಅಭ್ಯಾಸ ಮಾಡಿ ಗಳಿಸಿದ ಶಿಸ್ತು. ಜೇಮ್ಸ್ ಲಾಸನ್ ಎಂಬ ಯುವಕ ಕೊರಿಯಾ ಯುದ್ಧಕ್ಕೆ ಹೋಗಲು ನಿರಾಕರಿಸಿ ಜೈಲು ಕಂಡು, 1953ರಲ್ಲಿ ನಾಗಪುರದ ಹಿಸ್ಲಾಪ್ ಕಾಲೇಜಿಗೆ ಬಂದು ಮೂರು ವರ್ಷ ಇದ್ದು, ಗಾಂಧೀಜಿಯವರ ಸತ್ಯಾಗ್ರಹದ ಕ್ರಮವನ್ನು ಅಧ್ಯಯನ ಮಾಡಿದರು. ಮರಳಿದ ಮೇಲೆ ನ್ಯಾಶ್‌ವಿಲ್ ನಗರದ ಚರ್ಚಿನಲ್ಲಿ ಕಾಲೇಜು ವಿದ್ಯಾರ್ಥಿಗಳಿಗೆ ತರಬೇತಿ ಕೊಟ್ಟರು. ಕೆಲವರು ದಾಳಿಕೋರರಂತೆ ಬೈದು, ತಳ್ಳಿ, ಮುಖಕ್ಕೆ ಹೊಗೆ ಬಿಡುತ್ತಿದ್ದರು. ಉಳಿದವರು ಕೈಯೆತ್ತದೆ, ಮಾತು ಕೆಡಿಸಿಕೊಳ್ಳದೆ ಕೂತಿರುವುದನ್ನು ರೂಢಿಸಿಕೊಳ್ಳುತ್ತಿದ್ದರು. 1960ರ ಫೆಬ್ರವರಿ 1ರಂದು ಗ್ರೀನ್ಸ್‌ಬರೊ ನಗರದ ವುಲ್‌ವರ್ಥ್ ಅಂಗಡಿಯಲ್ಲಿ ಬಿಳಿಯರಿಗೆ ಮೀಸಲಾದ ಊಟದ ಕೌಂಟರಿನಲ್ಲಿ ನಾಲ್ವರು ಕಪ್ಪು ವಿದ್ಯಾರ್ಥಿಗಳು ಕೂತಾಗ, ನ್ಯಾಶ್‌ವಿಲ್‌ನ ತಂಡ ಆಗಲೇ ಸಿದ್ಧವಾಗಿತ್ತು. ಮೇ 10ರ ಹೊತ್ತಿಗೆ ನ್ಯಾಶ್‌ವಿಲ್‌ನ ಅಂಗಡಿಗಳು ಕಪ್ಪು ಗಿರಾಕಿಗಳಿಗೂ ಊಟ ಬಡಿಸತೊಡಗಿದವು. ಡಯೇನ್ ನ್ಯಾಶ್, ಜಾನ್ ಲೂಯಿಸ್ ಮುಂತಾದ ಮುಂದಿನ ಕಾಲದ ನಾಯಕರು ಮೂಡಿಬಂದದ್ದು ಈ ತರಬೇತಿಯಿಂದ.

ಕನ್ನಡದ ನೆಲಕ್ಕೂ ಈ ಚರಿತ್ರೆಗೂ ನೇರವಾದ ಒಂದು ನಂಟಿದೆ. ಕಪ್ಪು ವಿದ್ವಾಂಸ ಬೆಂಜಮಿನ್ ಮೇಸ್ 1936ರ ಕೊನೆಯಲ್ಲಿ ಭಾರತಕ್ಕೆ ಬಂದು, ಗಾಂಧೀಜಿಯವರನ್ನು ಕಂಡು, 1937ರ ಜನವರಿಯಲ್ಲಿ ಮೈಸೂರಿನಲ್ಲಿ ನಡೆದ ವೈಎಂಸಿಎ ವಿಶ್ವ ಸಮ್ಮೇಳನದಲ್ಲಿ ಭಾಗವಹಿಸಿದರು. ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳ ಶಾಲೆಯೊಂದಕ್ಕೆ ಅವರನ್ನು ಕರೆದೊಯ್ದಾಗ, ಅಲ್ಲಿನ ಮುಖ್ಯೋಪಾಧ್ಯಾಯರು ಈ ಅತಿಥಿಯನ್ನು ದೊಡ್ಡ ಸಾಧನೆ ಮಾಡಿದ ಅಮೆರಿಕದ ಅಸ್ಪೃಶ್ಯರೆಂದು ಮಕ್ಕಳಿಗೆ ಪರಿಚಯಿಸಿದರು. ಮೊದಲು ಸಿಟ್ಟು ಬಂದರೂ, ಯೋಚಿಸಿದಾಗ ಆ ಮಾತು ಸತ್ಯವೆಂದು ತನಗೆ ತೋರಿತೆಂದು ಮೇಸ್ ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ಇದೇ ಮೇಸ್ ಮುಂದೆ ಅಟ್ಲಾಂಟಾದ ಮೋರ್‌ಹೌಸ್ ಕಾಲೇಜಿನ ಅಧ್ಯಕ್ಷರಾದರು; 1944ರಲ್ಲಿ 15ನೆಯ ವಯಸ್ಸಿಗೆ ಆ ಕಾಲೇಜು ಸೇರಿದ ಕಿಂಗ್ ಅವರಿಗೆ ಗುರುಗಳಾದರು; 1968ರಲ್ಲಿ ಶಿಷ್ಯನ ಅಂತ್ಯಕ್ರಿಯೆಯಲ್ಲಿ ಶ್ರದ್ಧಾಂಜಲಿಯ ಭಾಷಣ ಮಾಡಿದವರೂ ಅವರೇ. ನಂಟು ಮೈಸೂರಿಗೇ ನಿಲ್ಲುವುದಿಲ್ಲ: ಅಂಬೇಡ್ಕರ್ 1940ರ ದಶಕದಲ್ಲಿ ಕಪ್ಪು ಚಿಂತಕ ಡಬ್ಲ್ಯು.ಇ.ಬಿ. ಡು ಬಾಯ್ಸ್ ಅವರಿಗೆ ಪತ್ರ ಬರೆದರು; 1972ರಲ್ಲಿ ಮುಂಬೈಯಲ್ಲಿ ಹುಟ್ಟಿದ ದಲಿತ ಪ್ಯಾಂಥರ್ಸ್ ತನ್ನ ಹೆಸರನ್ನು ಅಮೆರಿಕದ ಬ್ಲ್ಯಾಕ್ ಪ್ಯಾಂಥರ್ ಪಕ್ಷದಿಂದ ಪಡೆಯಿತು. ಇಂದು ಅಮೆರಿಕದಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳು ಕೂಡ ಈ ಹೋರಾಟಕ್ಕೆ ಋಣಿಗಳು. 1946ರ ನಂತರವೂ ವರ್ಷಕ್ಕೆ ಸುಮಾರು 100 ಭಾರತೀಯರಿಗಷ್ಟೇ ವಲಸೆಯ ಅವಕಾಶ ಕೊಡುತ್ತಿದ್ದ ಅಮೆರಿಕ, ಜನಾಂಗದ ಆಧಾರದ ಆ ಪಾಲುಪದ್ಧತಿಯನ್ನು ಕೈಬಿಟ್ಟದ್ದು 1965ರಲ್ಲಿ, ನಾಗರಿಕ ಹಕ್ಕುಗಳ ಕಾನೂನುಗಳು ಬಂದ ಅದೇ ಗಾಳಿಯಲ್ಲಿ.

ಹೀಗೆ ವಿವರವಾಗಿ ಕಲಿಸುವುದಕ್ಕೆ ಇರುವ ಆಕ್ಷೇಪಗಳನ್ನು ಹಗುರವಾಗಿ ತಳ್ಳಿಹಾಕಬಾರದು. ಎಳೆಯರಿಗೆ ಆದರ್ಶ ವ್ಯಕ್ತಿಗಳು ಬೇಕು, ಕಿಂಗ್ ಮತ್ತು ಪಾರ್ಕ್ಸ್ ಅವರನ್ನು ಹತ್ತರಲ್ಲಿ ಒಬ್ಬರಾಗಿಸಿದರೆ ಸ್ಫೂರ್ತಿಯೇ ಕುಗ್ಗುತ್ತದೆ ಎಂಬುದು ಒಂದು ವಾದ. ಆದರೆ ನಿಜವಾದ ಪಾರ್ಕ್ಸ್ ಕಥೆಯ ಪಾರ್ಕ್ಸ್‌ಗಿಂತ ದೊಡ್ಡವರು. ದಣಿದು ಕೂತವರಲ್ಲಿ ಮೆಚ್ಚುವುದಕ್ಕೆ ಒಂದು ಗಳಿಗೆಯ ಧೈರ್ಯವಿದೆ; ಹನ್ನೆರಡು ವರ್ಷ ಅಪಾಯದ ನಡುವೆ ಸಂಘಟನೆಯ ಕೆಲಸ ಮಾಡಿ, ಪರಿಣಾಮ ತಿಳಿದೂ ಕೂತವರಲ್ಲಿ ಗೌರವಿಸುವುದಕ್ಕೆ ಒಂದು ಇಡೀ ಬದುಕಿದೆ. ಅದಲ್ಲದೆ, ಅಪೂರ್ವ ವ್ಯಕ್ತಿಯೊಬ್ಬ ಹುಟ್ಟಿ ಬಂದರೆ ಮಾತ್ರ ಅನ್ಯಾಯ ತೊಲಗುತ್ತದೆ ಎಂದು ನಂಬಿದ ಮಗು ಅಂಥವರಿಗಾಗಿ ಕಾಯುತ್ತದೆ. ಕರಪತ್ರ ಅಚ್ಚು ಹಾಕಿದವರು, ಕೇಕು ಮಾರಿದವರು, ಕಾರು ಓಡಿಸಿದವರು ಇದ್ದರೆಂದು ತಿಳಿದ ಮಗುವಿಗೆ ತನ್ನ ಕೈಲಾಗುವ ಕೆಲಸವೂ ಲೆಕ್ಕಕ್ಕಿದೆ ಎಂಬುದು ಗೊತ್ತಾಗುತ್ತದೆ.

ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ಹಳೆಯ ಗಾಯ ಕೆದಕಿದರೆ ಮಕ್ಕಳ ನಡುವೆ ದ್ವೇಷ ಹುಟ್ಟುತ್ತದೆ, ಅಜ್ಜಂದಿರ ತಪ್ಪಿಗೆ ಮೊಮ್ಮಕ್ಕಳು ಅಪರಾಧಿಗಳಂತೆ ಕೂರಬೇಕಾಗುತ್ತದೆ ಎಂದು ಹಲವರು ಹೇಳುತ್ತಾರೆ. ಅಮೆರಿಕದಲ್ಲಿ 2021ರಿಂದ ಈಚೆಗೆ ಹಲವು ರಾಜ್ಯಗಳು ಇದೇ ಕಾರಣ ಕೊಟ್ಟು ತರಗತಿಯಲ್ಲಿ ಜನಾಂಗದ ವಿಷಯ ಕಲಿಸುವುದರ ಮೇಲೆ ನಿರ್ಬಂಧದ ಕಾನೂನುಗಳನ್ನು ತಂದಿವೆ. 2023ರಲ್ಲಿ ಫ್ಲಾರಿಡಾ, ಪ್ರೌಢಶಾಲೆಗೆಂದು ರೂಪಿಸಿದ ಆಫ್ರಿಕನ್ ಅಮೆರಿಕನ್ ಅಧ್ಯಯನದ ಪಠ್ಯಕ್ರಮವನ್ನೇ ತಿರಸ್ಕರಿಸಿತು. ಮಗುವನ್ನು ಅದರ ಹುಟ್ಟಿನ ಕಾರಣಕ್ಕೆ ನಾಚಿಸುವ ಶಿಕ್ಷಕ ತಪ್ಪು ಮಾಡುತ್ತಾನೆ. ಅದರಲ್ಲಿ ಎರಡು ಮಾತಿಲ್ಲ. ಆದರೆ ವಿವರ ಹೆಚ್ಚಿದಷ್ಟೂ ಈ ಅಪಾಯ ಕಡಿಮೆಯಾಗುತ್ತದೆ. ಮಾಂಟ್ಗೊಮರಿಯ ಗ್ರಂಥಪಾಲಕಿ ಜೂಲಿಯೆಟ್ ಮಾರ್ಗನ್ ಬಿಳಿಯ ಮಹಿಳೆ. ಬಹಿಷ್ಕಾರ ಶುರುವಾದ ಒಂದೇ ವಾರದಲ್ಲಿ, ಇದು ಗಾಂಧೀಜಿಯವರ ಉಪ್ಪಿನ ಸತ್ಯಾಗ್ರಹವನ್ನು ನೆನಪಿಸುತ್ತದೆಂದು ಸ್ಥಳೀಯ ಪತ್ರಿಕೆಗೆ ಬರೆದು, ತನ್ನವರಿಂದಲೇ ಬೆದರಿಕೆ, ಬಹಿಷ್ಕಾರಗಳನ್ನು ಅನುಭವಿಸಿದರು. ಬಿಳಿಯ ಪಾದ್ರಿ ರಾಬರ್ಟ್ ಗ್ರೇಟ್ಸ್ ಕಪ್ಪು ಜನರನ್ನು ತನ್ನ ಕಾರಿನಲ್ಲಿ ಕರೆದೊಯ್ದರು. ಅವರ ಮನೆಗೂ ಬಾಂಬ್ ಬಿತ್ತು. ಬಸ್ಸಿನ ಮೊಕದ್ದಮೆಯಲ್ಲಿ ಕಪ್ಪು ಮಹಿಳೆಯರ ಪರ ತೀರ್ಪು ಕೊಟ್ಟ ಫ್ರಾಂಕ್ ಜಾನ್ಸನ್ ಅಲಬಾಮಾದ ಬಿಳಿಯ ನ್ಯಾಯಾಧೀಶರು. ಬಿಳಿಯರ ಮಗುವಿಗೆ ಈ ಚರಿತ್ರೆಯಲ್ಲಿ ಶಾಲೆಗೆ ಬೀಗ ಹಾಕಿದ ಹಿರಿಯರೂ ಸಿಗುತ್ತಾರೆ, ಇವರೂ ಸಿಗುತ್ತಾರೆ. ಹುಟ್ಟು ಯಾರ ಆಯ್ಕೆಯೂ ಅಲ್ಲ, ನಡೆ ಮಾತ್ರ ನಮ್ಮದು ಎಂಬುದನ್ನು ಇದಕ್ಕಿಂತ ಚೆನ್ನಾಗಿ ಕಲಿಸುವ ಪಾಠ ಇನ್ನೊಂದಿಲ್ಲ. ಮೌನವೂ ನಿರ್ದೋಷವಲ್ಲ: ಮನೆಯಲ್ಲಿ, ಬೀದಿಯಲ್ಲಿ, ಫೋನಿನಲ್ಲಿ ಮಕ್ಕಳು ಭೇದಭಾವವನ್ನು ದಿನವೂ ನೋಡುತ್ತಾರೆ. ತರಗತಿ ಸುಮ್ಮನಿದ್ದರೆ ವಿವರಣೆಯನ್ನು ಬೇರೆಯವರು ಕೊಡುತ್ತಾರೆ.

ಈ ಕಥೆಗಳಲ್ಲಿರುವ ಕ್ರೌರ್ಯ ಆ ವಯಸ್ಸಿಗೆ ತಕ್ಕುದಲ್ಲ ಎಂಬ ಆತಂಕವೂ ಇದೆ. 1955ರಲ್ಲಿ ಮಿಸಿಸಿಪಿಯಲ್ಲಿ ಕೊಲೆಯಾದ ಕಪ್ಪು ಹುಡುಗ ಎಮೆಟ್ ಟಿಲ್‌ಗೆ 14 ವರ್ಷ. 1963ರ ಮೇ ತಿಂಗಳಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಸಾವಿರಕ್ಕೂ ಹೆಚ್ಚು ಶಾಲಾ ಮಕ್ಕಳು ಬೀದಿಗಿಳಿದಾಗ ಪೊಲೀಸರು ನಾಯಿ ಬಿಟ್ಟರು, ಬೆಂಕಿ ಆರಿಸುವ ಕೊಳವೆಗಳಿಂದ ನೀರು ಹಾಯಿಸಿ ನೆಲಕ್ಕೆ ಕೆಡವಿದರು. ಸೆಪ್ಟೆಂಬರ್ 15ರಂದು ಅದೇ ನಗರದ ಚರ್ಚಿನಲ್ಲಿ ಸಿಡಿದ ಬಾಂಬಿಗೆ ನಾಲ್ವರು ಹುಡುಗಿಯರು ಬಲಿಯಾದರು. ಅಪರಾಧಿಗಳಲ್ಲಿ ಕೊನೆಯವನಿಗೆ ಶಿಕ್ಷೆಯಾದದ್ದು 2002ರಲ್ಲಿ. ಇವನ್ನು ಹೇಳುವಾಗ ಎಚ್ಚರ ಬೇಕು. ಭೀಕರ ಚಿತ್ರಗಳನ್ನು ಮುನ್ಸೂಚನೆಯಿಲ್ಲದೆ ತೋರಿಸಬಾರದು. ತರಗತಿಯ ಅರ್ಧ ಮಕ್ಕಳನ್ನು ಮೇಲಿನವರು, ಅರ್ಧ ಮಕ್ಕಳನ್ನು ಕೆಳಗಿನವರು ಎಂದು ವಿಂಗಡಿಸಿ ನಾಟಕವಾಡಿಸುವ ಚಟುವಟಿಕೆಗಳು ಬೇಡ. ಅವಮಾನವನ್ನು ಅನುಭವಿಸಿಯೇ ತಿಳಿಯಬೇಕಾದ ಅಗತ್ಯ ಮಕ್ಕಳಿಗಿಲ್ಲ, ಕೆಲವರಿಗೆ ಅದು ಈಗಾಗಲೇ ಗೊತ್ತಿರುತ್ತದೆ. ಆದರೆ ಎಚ್ಚರ ಬೇರೆ, ಮರೆಮಾಚುವುದು ಬೇರೆ. ಮಕ್ಕಳನ್ನು ಪೊಲೀಸರೆದುರು ನಿಲ್ಲಿಸಿದ್ದು ಸರಿಯೇ ಎಂದು ಅಂದೇ ತೀವ್ರ ವಾಗ್ವಾದ ನಡೆದಿತ್ತು. ಕಿಂಗ್ ಸ್ವತಃ ಅಳುಕಿದ್ದರು, ಇನ್ನೊಬ್ಬ ಕಪ್ಪು ನಾಯಕ ಮಾಲ್ಕಮ್ ಎಕ್ಸ್ ಕಟುವಾಗಿ ಟೀಕಿಸಿದ್ದರು. ಈ ವಾಗ್ವಾದವನ್ನೇ ತರಗತಿಗೆ ತಂದರೆ ಕ್ರೌರ್ಯದ ಮುಂದೆ ಮಕ್ಕಳು ಬರಿಯ ಪ್ರೇಕ್ಷಕರಾಗದೆ ಯೋಚಿಸುವವರಾಗುತ್ತಾರೆ.

ಇದೆಲ್ಲ ಮುಗಿದ ಕಥೆ, 1964ರಲ್ಲಿ ನಾಗರಿಕ ಹಕ್ಕುಗಳ ಕಾಯಿದೆ, 1965ರಲ್ಲಿ ಮತದಾನದ ಹಕ್ಕಿನ ಕಾಯಿದೆ ಬಂದ ಮೇಲೆ ಮತ್ತೇಕೆ ಎನ್ನುವವರಿಗೆ ಉತ್ತರ ಆ ಕಾಯಿದೆಗಳ ಇತಿಹಾಸದಲ್ಲೇ ಇದೆ. ಮಿಸಿಸಿಪಿಯಲ್ಲಿ ಮತದಾರರಾಗಿ ನೋಂದಾಯಿತರಾದ ಕಪ್ಪು ವಯಸ್ಕರ ಪ್ರಮಾಣ ಕಾಯಿದೆಗೆ ಮುನ್ನ ಶೇ 7ನ್ನೂ ಮುಟ್ಟಿರಲಿಲ್ಲ. 1967ರ ಹೊತ್ತಿಗೆ ಶೇ 60ರ ಸಮೀಪಕ್ಕೆ ಬಂತು. ಕಾನೂನಿಗೆ ಎಂಥ ಬಲವಿದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಆದರೆ ಮತದಾನದ ನಿಯಮ ಬದಲಿಸುವ ಮುನ್ನ ಕೆಲವು ರಾಜ್ಯಗಳು ಕೇಂದ್ರದ ಒಪ್ಪಿಗೆ ಪಡೆಯಬೇಕೆಂಬ ಅದೇ ಕಾಯಿದೆಯ ಏರ್ಪಾಡನ್ನು 2013ರಲ್ಲಿ ಸುಪ್ರೀಂ ಕೋರ್ಟ್ ನಿಷ್ಕ್ರಿಯಗೊಳಿಸಿತು. ಗಳಿಸಿದ ಹಕ್ಕು ಕಳೆದೂ ಹೋಗಬಹುದು. ಪ್ರಗತಿ ಸುಳ್ಳೆಂದೂ, ಪ್ರಗತಿ ಪೂರ್ಣವೆಂದೂ ಹೇಳದೆ ಎರಡನ್ನೂ ತೂಗಿ ನೋಡುವುದನ್ನು ಕಲಿಸುವುದೇ ಇತಿಹಾಸದ ಶಿಕ್ಷಕರ ಕೆಲಸ.

ಕೊನೆಯದು ಸಮಯದ ಪ್ರಶ್ನೆ. ಪರೀಕ್ಷೆ, ಪಠ್ಯಕ್ರಮದ ಒತ್ತಡದಲ್ಲಿ ಇಷ್ಟೆಲ್ಲ ಎಲ್ಲಿ ಸಾಧ್ಯ? ಹೋರಾಟ ನಡೆದ ದೇಶದಲ್ಲೇ ಪರಿಸ್ಥಿತಿ ಹೆಮ್ಮೆಪಡುವಂತಿಲ್ಲ. ಸದರ್ನ್ ಪಾವರ್ಟಿ ಲಾ ಸೆಂಟರ್ ಎಂಬ ಅಮೆರಿಕದ ಸಂಸ್ಥೆ 2011ರಲ್ಲಿ ರಾಜ್ಯಗಳ ಪಠ್ಯಕ್ರಮಗಳನ್ನು ಪರಿಶೀಲಿಸಿದಾಗ 35 ರಾಜ್ಯಗಳು ಅನುತ್ತೀರ್ಣ ಶ್ರೇಣಿ ಪಡೆದವು. ಪರಿಹಾರ ಪಾಠ ಹೆಚ್ಚಿಸುವುದರಲ್ಲಿಲ್ಲ, ಆರಿಸುವುದರಲ್ಲಿದೆ. ಇಪ್ಪತ್ತು ಹೆಸರು, ಮೂವತ್ತು ಇಸವಿಗಳ ಬದಲು ಒಂದೇ ಊರನ್ನು ಎತ್ತಿಕೊಳ್ಳಬಹುದು. ಮಾಂಟ್ಗೊಮರಿಯೊಂದಕ್ಕೆ ನಾಲ್ಕು ತರಗತಿ ಕೊಟ್ಟು, ರಾಬಿನ್ಸನ್ ಬರೆದ ಪತ್ರ, ಪಾರ್ಕ್ಸ್ ಬಂಧನದ ದಾಖಲೆ, ಮೊದಲ ಬೇಡಿಕೆಗಳ ಪಟ್ಟಿಯನ್ನು ಮಕ್ಕಳ ಕೈಗೆ ಕೊಟ್ಟು ಓದಿಸಿದರೆ ಸಾಕು. 1964ರ ಬೇಸಿಗೆಯಲ್ಲಿ ಮಿಸಿಸಿಪಿಯಲ್ಲಿ ಹೋರಾಟಗಾರರೇ ತೆರೆದ ಸುಮಾರು 40 ಸ್ವಾತಂತ್ರ್ಯ ಶಾಲೆಗಳು ದಾರಿ ತೋರಿವೆ. ಚರ್ಚುಗಳಲ್ಲಿ, ಮನೆಗಳಲ್ಲಿ, ಮರದಡಿಯಲ್ಲಿ ಎರಡು ಸಾವಿರಕ್ಕೂ ಹೆಚ್ಚು ಮಕ್ಕಳು ಕಲಿತ ಆ ಶಾಲೆಗಳಲ್ಲಿ ಬಾಯಿಪಾಠವಿರಲಿಲ್ಲ. ನಮ್ಮ ಊರು ಹೀಗೇಕಿದೆ, ನಮಗೆ ಇಲ್ಲದ್ದು ಯಾವುದು, ನಮ್ಮಲ್ಲಿರುವುದರಲ್ಲಿ ಉಳಿಸಿಕೊಳ್ಳಬೇಕಾದ್ದು ಯಾವುದು ಎಂದು ಮಕ್ಕಳೇ ಪ್ರಶ್ನೆ ಹಾಕಿಕೊಳ್ಳುತ್ತಿದ್ದರು, ತಾವೇ ಪತ್ರಿಕೆ ಹೊರಡಿಸುತ್ತಿದ್ದರು.

ನಮ್ಮ ಶಾಲೆಗಳಿಗೂ ಈ ಕ್ರಮ ಒಗ್ಗುತ್ತದೆ. ಮಾಂಟ್ಗೊಮರಿಯ ಬಸ್ಸನ್ನು ಓದಿದ ತರಗತಿ ಅಂಬೇಡ್ಕರ್ 1927ರಲ್ಲಿ ಮಹಾಡದ ಚವದಾರ್ ಕೆರೆಯ ನೀರು ಮುಟ್ಟಿದ ಸತ್ಯಾಗ್ರಹವನ್ನೂ ಅದೇ ಪ್ರಶ್ನೆಗಳೊಂದಿಗೆ ಓದಬೇಕು: ಜನರನ್ನು ಕರೆತಂದವರು ಯಾರು, ಎದುರು ನಿಂತವರು ಯಾರು, ಕಾನೂನು ಏನು ಹೇಳುತ್ತಿತ್ತು, ಆಮೇಲೆ ಏನಾಯಿತು. ದೂರದ ದೇಶದ ಅನ್ಯಾಯಕ್ಕೆ ಮರುಗಿ ಹತ್ತಿರದ್ದಕ್ಕೆ ಕುರುಡಾಗುವ ಕಲಿಕೆ ಕಲಿಕೆಯಲ್ಲ. ಸಮಾಜ ವಿಜ್ಞಾನದ ಶಿಕ್ಷಕರು ಈ ವರ್ಷ ಒಂದೇ ಊರನ್ನು, ಒಂದೇ ಹೋರಾಟವನ್ನು ಪೂರ್ತಿಯಾಗಿ ಕಲಿಸಿ ನೋಡಲಿ. ಪೋಷಕರು ಅದಕ್ಕೆ ಬೆಂಬಲವಾಗಿ ನಿಲ್ಲಲಿ. ಬಾರ್ಬರಾ ಜಾನ್ಸ್ ಮುಷ್ಕರಕ್ಕೆ ಕರೆಕೊಟ್ಟಾಗ ಅವಳಿಗೆ ಇಂದಿನ ಹತ್ತನೆಯ ತರಗತಿಯ ಮಕ್ಕಳಷ್ಟೇ ವಯಸ್ಸು. ಅದನ್ನು ಮಾಡಬಲ್ಲ ವಯಸ್ಸಿನವರಿಗೆ ಅದರ ಪೂರ್ಣ ಸತ್ಯವನ್ನು ತಿಳಿಯುವ ಯೋಗ್ಯತೆಯೂ ಇದೆ, ಹಕ್ಕೂ ಇದೆ.